ಬೇಸಿಗೆಗೆ ಬರುವ ಮಾಸ್ತರರು

ಪ್ರಶ್ನೆ: ಬರುವ ಬೇಸಿಗೆ ರಜೆಯಲ್ಲಿ ನಮ್ಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಕೋರ್ಸ್ ನಡೆಸಲು ಬೇರೆ ವಿಶ್ವವಿದ್ಯಾಲಯದ ವಿದ್ವಾಂಸರೊಬ್ಬರನ್ನು ಕರೆಸಬೇಕೆಂದಿದ್ದೇವೆ. ಆಹ್ವಾನ ಪತ್ರದಲ್ಲಿ ಏನೇನಿರಬೇಕು? ಸಂಭಾವನೆಯ ಮಾತನ್ನು ಮೊದಲೇ ಎತ್ತಿದರೆ ತಪ್ಪಾಗುತ್ತದೆಯೇ?
– ಉಪನ್ಯಾಸಕಿ, ಶಿರಸಿ

ಉತ್ತರ: ಎತ್ತದಿದ್ದರೆ ತಪ್ಪು, ತಂಗಿ. ‘ಯಥಾಶಕ್ತಿ ಗೌರವಿಸುತ್ತೇವೆ’ ಎಂದು ಮಾತ್ರ ಬರೆಯಬೇಡಿ. ಎಷ್ಟೆಂದು ತಿಳಿಯದೆ ಒಪ್ಪುವವರೂ ಒಳಗೊಳಗೇ ಕಸಿವಿಸಿಗೊಳ್ಳುತ್ತಾರೆ. ಮೊತ್ತ, ಅದರಲ್ಲಿ ಕಡಿತವಾಗುವ ತೆರಿಗೆ, ಪ್ರಯಾಣದ ಖರ್ಚು, ಉಳಿಯುವ ಕೋಣೆ ಎಲ್ಲವೂ ಪತ್ರದಲ್ಲಿರಲಿ. ಶಿರಸಿಗೆ ರೈಲಿಲ್ಲ, ಕುಮಟಾದಲ್ಲಿ ಇಳಿದವರನ್ನು ದೇವಿಮನೆ ಘಟ್ಟ ಹತ್ತಿಸಿ ಕರೆತರುವವರು ಯಾರೆಂಬುದೂ ಇರಲಿ. ಪ್ರಾಚಾರ್ಯರ ಸಹಿ ಬೇಕೇ ಬೇಕು. ಆ ಪತ್ರವನ್ನು ತೋರಿಸಿಯೇ ವಿದ್ವಾಂಸರು ತಮ್ಮ ವಿಶ್ವವಿದ್ಯಾಲಯದಲ್ಲಿ ಅನುಮತಿ ಪಡೆಯಬೇಕಾದೀತು.

ಆದರೆ ಜನ ಮರೆಯುವುದು ಹಣವನ್ನಲ್ಲ, ವಿದ್ಯಾರ್ಥಿಗಳನ್ನು. ಹಿಂದೊಮ್ಮೆ ಕರಾವಳಿಯ ಕಾಲೇಜೊಂದು ‘ತಮಗಿಷ್ಟವಾದ ವಿಷಯ ಕಲಿಸಿ’ ಎಂದು ನನ್ನನ್ನು ಕರೆಯಿತು. ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ದೊಡ್ಡ ಗ್ರಂಥ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ನ 1781ರ ಮತ್ತು 1787ರ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ತಿಂಗಳುಗಟ್ಟಲೆ ಟಿಪ್ಪಣಿ ಮಾಡಿದೆ. ಹೋಗಿ ನೋಡಿದರೆ ಎದುರು ಬಿ.ಕಾಂ. ಮಕ್ಕಳು, ಹಾಜರಾತಿಗೆಂದು ಬಂದವರು! ಮೂರನೆಯ ದಿನ ಟಿಪ್ಪಣಿ ಮಡಚಿಟ್ಟು, ‘ತೀರಿಸಲಾಗದು ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಹೇಳಿ ಸಾಲ ಪಡೆಯಬಹುದೇ?’ ಎಂದು ಕೇಳಿದೆ. ಮೀನು ವ್ಯಾಪಾರದ ಮನೆಯ ಹುಡುಗನೊಬ್ಬ ಎದ್ದು, ಮಳೆಗಾಲದಲ್ಲಿ ದೋಣಿ ಕಟ್ಟಿಹಾಕಿದಾಗ ಎಲ್ಲರೂ ಮಾಡುವುದು ಅದನ್ನೇ ಎಂದ. ಅದೂ ಕಾಂಟ್‌ನದೇ ಉದಾಹರಣೆ, ನೀತಿಯ ಬಗ್ಗೆ ಬರೆದ 1785ರ ಸಣ್ಣ ಪುಸ್ತಕದ್ದು. ಪಾಠ ಶುರುವಾದದ್ದು ಆಗ.

ಆದ್ದರಿಂದ ಮಕ್ಕಳು ಎಷ್ಟು ಮಂದಿ, ಏನು ಓದಿದ್ದಾರೆ, ಇಂಗ್ಲಿಷ್ ಪಾಠ ಎಷ್ಟು ತಲೆಗೆ ಹತ್ತುತ್ತದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ.

ಅವಧಿಯ ಲೆಕ್ಕ ಸುಲಭ. ಕೋರ್ಸಿನ ಭಾರ ಅಳೆಯುವ ಮಾನ ಕ್ರೆಡಿಟ್; ಒಂದು ಕ್ರೆಡಿಟ್‌ಗೆ 15 ಗಂಟೆಯ ಪಾಠ. ದಿನಕ್ಕೆ 2 ಗಂಟೆ, ವಾರಕ್ಕೆ 5 ದಿನವಾದರೆ 3 ವಾರಕ್ಕೆ ಎರಡು ಕ್ರೆಡಿಟ್. ಅಂಕಪಟ್ಟಿಯಲ್ಲಿ ಅದು ಕಾಣಿಸಬೇಕಾದರೆ ವಿಶ್ವವಿದ್ಯಾಲಯ ಮೊದಲೇ ಒಪ್ಪಿರಬೇಕು. ಇಲ್ಲವಾದರೆ ಪ್ರಮಾಣಪತ್ರ ಮಾತ್ರ ಎಂದು ಮಕ್ಕಳಿಗೂ ಹೇಳಿಬಿಡಿ. ಮೇ ಕೊನೆಯೊಳಗೆ ಮುಗಿಸಿ. ಆಮೇಲೆ ಮಳೆ ನಿಮ್ಮ ವೇಳಾಪಟ್ಟಿಯನ್ನು ಕೇಳುವುದಿಲ್ಲ.

ಇನ್ನೊಂದು ಆಮಿಷ ನಿಮ್ಮ ತಾಲ್ಲೂಕಿನಲ್ಲೇ ಇದೆ. ಸ್ವರ್ಣವಲ್ಲಿಯಲ್ಲಿ ಅದ್ವೈತ, ವಾದಿರಾಜ ಮಠದಲ್ಲಿ ದ್ವೈತ, ಜೈನ ಮಠದಲ್ಲಿ ಸತ್ಯಕ್ಕೆ ಹಲವು ಮುಖಗಳೆನ್ನುವ ಅನೇಕಾಂತ: ಮೂರೂ ಸೋಂದಾದ ಆಸುಪಾಸಿನಲ್ಲಿ. ಒಂದು ಶನಿವಾರ ಅಲ್ಲಿ ಕಳೆಯೋಣ ಎಂದು ಬರೆದರೆ, ಸಂಭಾವನೆ ಕಡಿಮೆಯಾದರೂ ಅವರು ಬಂದಾರು. ಮಠಗಳಿಗೆ ಮಾತ್ರ ಮುಂಚಿತವಾಗಿ ತಿಳಿಸಿ, ಊಟಕ್ಕೆ ಎಷ್ಟು ಜನ ಎಂಬುದನ್ನೂ ಸೇರಿಸಿ.