ಮದ್ಯದ ಆವಿ ಎಳೆದರೆ ಕ್ಯಾಲೊರಿ ಇಲ್ಲವೇ?

ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಮೇಲೆ ವೋಡ್ಕಾ ಸುರಿದು ಹೊಗೆ ಎಳೆದರೆ ಕ್ಯಾಲೊರಿಯೂ ಇಲ್ಲ, ಹ್ಯಾಂಗೋವರೂ ಇಲ್ಲ ಅನ್ನೋದು ನಿಜವೇ ಅಂತ ಕೇಳಿದ್ದೀರಿ. ಎರಡೂ ಸುಳ್ಳು. ಮದ್ಯದಲ್ಲಿರೋ ಆಲ್ಕೋಹಾಲ್, ಅಂದರೆ ಎಥನಾಲ್, ಯಾವ ದಾರಿಯಲ್ಲಿ ರಕ್ತ ಸೇರಿದರೂ ಗ್ರಾಂಗೆ 7 ಕ್ಯಾಲೊರಿಯೇ, ಕರಗಿಸೋದೂ ಅದೇ ಲಿವರ್.

ಕುಡಿದದ್ದು ಹೊಟ್ಟೆ, ಕರುಳು, ಲಿವರ್ ದಾಟಿ ನಿಧಾನ ಹೋಗುತ್ತೆ. ಆವಿ ಶ್ವಾಸಕೋಶದಿಂದ ನೇರ ರಕ್ತಕ್ಕಿಳಿದು ಬೇಗನೆ ಮಿದುಳು ಮುಟ್ಟುತ್ತೆ. ಜಾಸ್ತಿಯಾದರೆ ವಾಂತಿಯಾಗಿ ಹೊರಹೋಗಲು ಹೊಟ್ಟೆಯಲ್ಲಿ ಏನೂ ಇರಲ್ಲ, ಪೆಗ್ಗಿನ ಲೆಕ್ಕವೂ ಸಿಗಲ್ಲ.

ಡ್ರೈ ಐಸ್ ಇನ್ನೂ ಕೆಟ್ಟದ್ದು. ಕಣ್ಣಿಗೆ ಕಾಣೋ ಬಿಳಿ ಹೊಗೆ ಬರೀ ನೀರಿನ ಮಂಜು. ಜೊತೆಗೆ ಎಳೆದುಕೊಳ್ಳೋದು ಇಂಗಾಲದ ಡೈಆಕ್ಸೈಡ್. ಬಾಗಿಲು ಮುಚ್ಚಿದ ರೂಮಲ್ಲಿ ಅದರಿಂದ ಬರೋ ತಲೆಸುತ್ತನ್ನೇ 'ಕಿಕ್' ಅಂದ್ಕೋಬಹುದು! ಡ್ರೈ ಐಸ್ ಚೂರು −78 ಡಿಗ್ರಿ ಸೆಲ್ಸಿಯಸ್, ತುಟಿಗೆ ತಾಗಿದರೆ ಚರ್ಮ ಸುಟ್ಟಂತೆ ಗಾಯ.

ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಗಾಳಿ ಇರೋ ಕಡೆ ಮಗ್ಗುಲಿಗೆ ಮಲಗಿಸಿ ತಕ್ಷಣ 108ಕ್ಕೆ ಕರೆ ಮಾಡಿ.