ಸೀಗಲ್ ಸೋತದ್ದನ್ನು ಬಚ್ಚಿಡಬೇಡಿ

ನಮಸ್ಕಾರ.

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪರ ಕಾದಾಡಿದ ಜರ್ಮನ್ ವಲಸಿಗ, ಜನರಲ್ ಫ್ರಾಂಜ್ ಸೀಗಲ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ತಿಳಿಯಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

ಮಿಸೌರಿಯ ವಿಲ್ಸನ್ಸ್ ಕ್ರೀಕ್ ಕಾಳಗಕ್ಕೆ ನೀವು ಕೊಟ್ಟಿರುವುದು ಎರಡೇ ವಾಕ್ಯ. ಮೊದಲನೆಯದು, "ಸೀಗಲ್ ಸಿಂಹದಂತೆ ಹೋರಾಡಿದ." ಬೆಳಗ್ಗೆ ಫಿರಂಗಿ ಹಾರಿಸಿ ಎದುರಾಳಿಗಳ ಬಿಡಾರ ಚದುರಿಸಿದ್ದು ನಿಜ. ಆಮೇಲೆ ನಡೆದದ್ದೇ ಬೇರೆ. ಎರಡನೆಯದು, "ವಿಧಿ ಕೈಕೊಟ್ಟಿತು." ವಿಧಿಯನ್ನು ಸುಮ್ನೆ ಯಾಕೆ ಎಳೆದು ತರುತ್ತೀರಿ? ಅದು 1861ರ ಆಗಸ್ಟ್ 10. ಸುಮಾರು 1,200 ಜನರನ್ನು ಕಟ್ಟಿಕೊಂಡು ಸೀಗಲ್ ಎದುರಾಳಿಯ ಬೆನ್ನ ಹಿಂದೆ ಬಂದು ನಿಂತಿದ್ದ. ಬೂದು ಬಟ್ಟೆಯ ಒಂದು ದಳ ಅವರತ್ತ ನಡೆದು ಬಂತು. ಆಗಿನ್ನೂ ಯಾವ ಕಡೆಗೆ ಯಾವ ಬಣ್ಣ ಅನ್ನೋದು ಗಟ್ಟಿಯಾಗಿರಲಿಲ್ಲ. ಉತ್ತರದವರದೇ ಅಯೋವಾ ದಳವೂ ಬೂದು ತೊಟ್ಟಿತ್ತು. ನಮ್ಮವರೇ ಅಂದುಕೊಂಡು ಸೀಗಲ್‌ನ ಜನ ಗುಂಡು ಹಾರಿಸದೆ ಕಾದರು. ಬಂದವರು ದಕ್ಷಿಣದ ಲೂಸಿಯಾನಾದವರು. ತೀರಾ ಹತ್ತಿರ ಬಂದು ಗುಂಡು ಹಾರಿಸಿದರು. ಸಾಲು ಒಡೆಯಿತು, ಜನ ದಿಕ್ಕಾಪಾಲಾದರು, ಫಿರಂಗಿಗಳು ಕೈಬಿಟ್ಟು ಹೋದವು. ಇಷ್ಟನ್ನೂ ನೀವು ವಿಧಿಯ ತಲೆಗೆ ಕಟ್ಟಿ ಮುಂದೆ ಹೋಗಿದ್ದೀರಿ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರು ಪ್ರತಿ ಬರಹವನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. 'ವೀರಾವೇಶ' ಥರದ ಪದ ಬಂದರೆ ಮೇಜು ತಟ್ಟಿ, "ಅಲ್ಲಿ ನಿಂತವನಿಗೆ ಏನು ಕಾಣ್ತಿತ್ತು? ಅದನ್ನ ಹೇಳಪ್ಪಾ" ಎನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ.

ಇನ್ನೊಂದು ವಾಕ್ಯ, "ಜರ್ಮನ್ನರು ಆತನನ್ನು ದೇವರಂತೆ ಕಂಡರು." ಯಾಕೆ ಕಂಡರು? 1849ರಲ್ಲಿ ಜರ್ಮನ್ ರಾಜ್ಯವಾದ ಬಾಡೆನ್‌ನ ಕ್ರಾಂತಿಕಾರಿ ಸರ್ಕಾರದಲ್ಲಿ ಯುದ್ಧಮಂತ್ರಿಯಾಗಿದ್ದವನು, ಪ್ರಷ್ಯದ ಸೇನೆಯ ಎದುರು ಸೋತು ದೇಶ ಬಿಟ್ಟವನು, ಸೇಂಟ್ ಲೂಯಿಸ್‌ನಲ್ಲಿ ಮೇಷ್ಟ್ರಾಗಿದ್ದವನು. ಹಾಗೇ ಊರು ಬಿಟ್ಟು ಬಂದವರಿಗೆ ಆತ ತಮ್ಮ ಮನೆಯವನು. "ನಾವು ಸೀಗಲ್ ಜೊತೆ ಕಾದಾಡೋರು" ಅಂತ ಹರುಕುಮುರುಕು ಇಂಗ್ಲಿಷ್‌ನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಲಿಂಕನ್‌ಗೂ ಆ ಜನರ ಬೆಂಬಲ ಬೇಕಿತ್ತು. ಸೋಲನ್ನೇ ಬಚ್ಚಿಟ್ಟರೆ, ಸೋತವನ ಮೇಲೂ ಅವರಿಗಿದ್ದ ಪ್ರೀತಿ ಓದುಗರಿಗೆ ಗೊತ್ತಾಗೋದು ಹೇಗೆ?

1862ರ ಪೀ ರಿಜ್ ಗೆಲುವಿನಲ್ಲಿ ಆತನ ಫಿರಂಗಿಗಳ ಪಾಲು ಜಾಸ್ತಿ. ಆ ಭಾಗವನ್ನು ಮುಟ್ಟಬೇಡಿ. ಆದರೆ 1864ರ ಮೇ 15ರಂದು ನ್ಯೂ ಮಾರ್ಕೆಟ್‌ನಲ್ಲಿ, ಮಿಲಿಟರಿ ಶಾಲೆಯ ಹುಡುಗರೂ ಇದ್ದ ಪಡೆಯ ಎದುರು ಸೋತದ್ದನ್ನು ಬಿಟ್ಟೇಬಿಟ್ಟಿದ್ದೀರಿ. ಸೇರಿಸಿ. ಬಾಲ್ಯದ ಪುಟಗಳನ್ನು ಅರ್ಧಕ್ಕೆ ಇಳಿಸಿ, ಮತ್ತೆ ಕಳಿಸಿ. ನಾನೇ ಓದುತ್ತೇನೆ.