ಹಿಮಾಲಯವೇ ಅಡ್ಡ ನಿಂತಿರುವಾಗ ಸಿಕ್ಕಿಂ ಕಾವಲಿಗೆ ಇಷ್ಟು ಮಹತ್ವವೇಕೆ?

ಹಿಮಾಲಯದಂಥ ಗೋಡೆಯೇ ಇರುವಾಗ ಪುಟ್ಟ ಸಿಕ್ಕಿಂ ರಾಜ್ಯದ ಬಗ್ಗೆ ದೇಶ ಅಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ನೀವು ಕೇಳಿದ್ದೀರಿ. ಪುಣೆಯ ಸದಾಶಿವ ಪೇಠೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಭೂಗೋಳ ಹೇಳಿಕೊಡುವ ನನಗೆ ಈ ಪ್ರಶ್ನೆ ಪ್ರತಿ ವರ್ಷವೂ ಎದುರಾಗುತ್ತದೆ. ನಮ್ಮ ತರಗತಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿ ಇರುವ ಜಾಗ ಬೆರಳಿಟ್ಟು ಬೆರಳಿಟ್ಟು ಸವೆದು ತೂತಾಗಿ, ಈಗ ಅಲ್ಲಿಗೆ ಟೇಪು ಅಂಟಿಸಿದ್ದೇವೆ. ಉತ್ತರವನ್ನು ಆ ತೂತಿನಿಂದಲೇ ಆರಂಭಿಸುವುದು ಒಳ್ಳೆಯದು.

ನೇಪಾಳ ಮತ್ತು ಬಾಂಗ್ಲಾದೇಶಗಳ ನಡುವೆ ಅತಿ ಕಿರಿದಾದೆಡೆ ಸುಮಾರು 22 ಕಿಲೋಮೀಟರ್ ಅಗಲವಷ್ಟೇ ಉಳಿಯುವ ಈ ನೆಲದ ಮೂಲಕವೇ ಈಶಾನ್ಯ ರಾಜ್ಯಗಳಿಗೆ ರೈಲು, ಹೆದ್ದಾರಿ ಎಲ್ಲವೂ ಹಾದುಹೋಗಬೇಕು. ಅದರ ಉತ್ತರಕ್ಕೆ ಡಾರ್ಜಿಲಿಂಗ್ ಬೆಟ್ಟಗಳು, ಅವುಗಳ ಮೇಲೆ ಸಿಕ್ಕಿಂ. ಸಿಕ್ಕಿಂ ಮತ್ತು ಭೂತಾನಗಳ ನಡುವೆ ಚೀನಾದ ಹಿಡಿತದಲ್ಲಿರುವ ಟಿಬೆಟಿನ ಚುಂಬಿ ಕಣಿವೆ ಬೆಣೆ ಹೊಡೆದಂತೆ ದಕ್ಷಿಣಕ್ಕೆ, ಸಿಲಿಗುರಿಯತ್ತ ಚಾಚಿಕೊಂಡಿದೆ.

ಇನ್ನು ಗೋಡೆಯ ಮಾತು. ಪುಣೆಯಿಂದ ನೋಡಿದರೆ ಸಹ್ಯಾದ್ರಿಯೂ ಗೋಡೆಯೇ, ಆದರೆ ಬೋರ್ ಘಾಟ್, ತಾಮ್ಹಿಣಿ, ವರಂಧಾಗಳನ್ನು ಇಳಿದವರು ಅದನ್ನು ಗೋಡೆ ಎನ್ನುವುದಿಲ್ಲ. ಪುಣೆ ಜಿಲ್ಲೆಯ ಅರ್ಧದಷ್ಟೂ ಇಲ್ಲದ, 7,096 ಚದರ ಕಿಲೋಮೀಟರ್ ವಿಸ್ತೀರ್ಣದ ಸಿಕ್ಕಿಂ, 300 ಮೀಟರ್ ಆಸುಪಾಸಿನ ತೀಸ್ತಾ ದಂಡೆಯಿಂದ 8,586 ಮೀಟರಿನ ಕಾಂಚನಜುಂಗಾದವರೆಗೆ ಏರುತ್ತದೆ ನಿಜ. ಆದರೆ ಅದರ ಪೂರ್ವದ ಏಣಿನಲ್ಲಿ ನಾಥು ಲಾ, ಜೆಲೆಪ್ ಲಾ ಎಂಬ ಬಾಗಿಲುಗಳಿವೆ. (ಟಿಬೆಟನ್ ಭಾಷೆಯಲ್ಲಿ ‘ಲಾ’ ಎಂದರೇ ಘಟ್ಟದ ದಾರಿ, ‘ನಾಥು ಲಾ ಪಾಸ್’ ಎಂದು ಬರೆಯುವ ವಿದ್ಯಾರ್ಥಿಗಳನ್ನು ನಾನು ಸುಮ್ಮನೆ ಬಿಡುವುದಿಲ್ಲ.) ಲಾಸಾ ಮತ್ತು ಕಾಲಿಂಪಾಂಗ್ ನಡುವೆ ಉಣ್ಣೆ ಹೊತ್ತ ಹೇಸರಗತ್ತೆಗಳು ಓಡಾಡಿದ್ದು ಈ ದಾರಿಗಳಲ್ಲೇ.

1967ರ ಸೆಪ್ಟೆಂಬರಿನಲ್ಲಿ ನಾಥು ಲಾದಲ್ಲಿ ನಮ್ಮ ಸೈನಿಕರು ಮುಳ್ಳುತಂತಿ ಬೇಲಿ ಹಾಕುತ್ತಿದ್ದಾಗ ಚೀನಾದ ಕಡೆಯಿಂದ ಗುಂಡು ಹಾರಿ, ಹಲವು ದಿನ ಫಿರಂಗಿ ಕಾಳಗ ನಡೆಯಿತು. ಆಗ ಸಿಕ್ಕಿಂ ಭಾರತದ ರಾಜ್ಯವೂ ಆಗಿರಲಿಲ್ಲ, 1950ರ ಒಪ್ಪಂದದಂತೆ ಭಾರತದ ರಕ್ಷಣೆಯಲ್ಲಿದ್ದ ರಾಜಸತ್ತೆಯಾಗಿತ್ತು. 22ನೆಯ ರಾಜ್ಯವಾದದ್ದು 1975ರಲ್ಲಿ. 2017ರಲ್ಲಿ ಚುಂಬಿ ಕಣಿವೆಗೆ ತಾಗಿದ, ಭೂತಾನ್ ತನ್ನದೆನ್ನುವ ಡೋಕ್ಲಾಮ್‌ನಲ್ಲಿ ಚೀನಾ ದಕ್ಷಿಣಕ್ಕೆ ರಸ್ತೆ ಎಳೆಯಲು ಹೊರಟಾಗ ಎರಡೂ ಸೇನೆಗಳು ಎರಡು ತಿಂಗಳಿಗೂ ಮೀರಿ ಎದುರುಬದುರಾಗಿ ನಿಂತದ್ದಕ್ಕೆ ಕಾರಣ ಇದೇ ಬೆಣೆ.

ಹಾಗೆಂದು, ನಾಳೆಯೇ ಚೀನಾ ಸಿಲಿಗುರಿಗೆ ಇಳಿದುಬಿಡುತ್ತದೆ ಎಂಬ ಟಿವಿ ಚರ್ಚೆಗಳ ಅಬ್ಬರವನ್ನು ನಾನು ಒಪ್ಪುವುದಿಲ್ಲ. ಚುಂಬಿ ಕಣಿವೆ ಇಕ್ಕಟ್ಟಾದದ್ದು, ಅದರ ಪಶ್ಚಿಮದ ಏಣಿನಲ್ಲಿ ನಮ್ಮ ಸೇನೆ ಇದೆ. ಅಲ್ಲಿ ಸೈನ್ಯ ಜಮಾಯಿಸುವವರು ಮೇಲಿನಿಂದ ನೋಡುವವರ ಕಣ್ಣು ತಪ್ಪಿಸುವುದು ಕಷ್ಟ. ಸಿಕ್ಕಿಂನಲ್ಲಿ ನಿಂತವನಿಗೆ ಕೆಳಗಿನ ಕಣಿವೆ ಕಾಣುತ್ತದೆ ಎಂಬುದು, ಸಿಲಿಗುರಿಗೆ ಅಪಾಯವಿದೆ ಎಂಬುದರಷ್ಟೇ ತೂಕದ ಮಾತು.

ನನ್ನ ಚಿಂತೆ ಬೇರೆ. ಆ ಎತ್ತರದಲ್ಲಿರುವ ಸೈನಿಕನಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೋಗುವುದು ಬಹುಮಟ್ಟಿಗೆ ತೀಸ್ತಾ ಪಕ್ಕದ ಒಂದೇ ಹೆದ್ದಾರಿಯಲ್ಲಿ. ಒಂದು ಮಳೆಗಾಲ ಗುಡ್ಡ ಕುಸಿದು ನಾವೂ ಅಲ್ಲಿ ನಾಲ್ಕು ಗಂಟೆ ಸಿಕ್ಕಿಕೊಂಡಿದ್ದೆವು: ಮುಂದೆ ಸೇನೆಯ ಲಾರಿಗಳು, ಹಿಂದೆ ಗ್ಯಾಸ್ ಸಿಲಿಂಡರಿನ ಲಾರಿ, ಪಕ್ಕದಲ್ಲಿ ಮೊಟ್ಟೆಯ ಟ್ರೇ ಹೇರಿದ ಜೀಪು, ಕೆಳಗೆ ಮಣ್ಣುಬಣ್ಣದ ನದಿ. ಅದಕ್ಕಿಂತ ಎಷ್ಟೋ ಘೋರವಾದದ್ದು 2023ರ ಅಕ್ಟೋಬರ್ 4ರ ದುರಂತ. ದಕ್ಷಿಣ ಲ್ಹೋನಾಕ್ ಎಂಬ ಹಿಮನದಿ ಸರೋವರ ಒಡೆದು, ಚುಂಗ್‌ಥಾಂಗ್‌ನ 1,200 ಮೆಗಾವಾಟ್ ಜಲವಿದ್ಯುತ್ ಯೋಜನೆಯ ಅಣೆಕಟ್ಟೆ ಕೊಚ್ಚಿಹೋಯಿತು, ಸೇತುವೆಗಳು ಮುರಿದು ಉತ್ತರ ಸಿಕ್ಕಿಂನ ಸಂಪರ್ಕ ಕಡಿಯಿತು, ಸತ್ತವರಲ್ಲಿ ಸೈನಿಕರೂ ಇದ್ದರು. ಪಾಕ್ಯಾಂಗ್ ವಿಮಾನ ನಿಲ್ದಾಣ 2018ರಲ್ಲೇ ತೆರೆದರೂ ಮೋಡ ಕವಿದರೆ ವಿಮಾನ ಇಳಿಯುವುದಿಲ್ಲ. ಆದ್ದರಿಂದ ಸಿಕ್ಕಿಂ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಗಡಿಯ ಸಮಾಚಾರವನ್ನಲ್ಲ. ಸಿಲಿಗುರಿ ಬಳಿಯ ಸೇವೋಕ್‌ನಿಂದ ಸಿಕ್ಕಿಂನ ರಂಗ್‌ಪೋಗೆ ಬಹುಪಾಲು ಸುರಂಗದೊಳಗೇ ಸಾಗಬೇಕಾದ ಸುಮಾರು 45 ಕಿಲೋಮೀಟರ್ ರೈಲು ಮಾರ್ಗದ ಕೆಲಸ ಎಲ್ಲಿಗೆ ಬಂತು ಎಂಬುದನ್ನು.